ಬಾಣ ಓಡಿಸುವುದು ಸುಲಭ, ನಿಲ್ಲಿಸುವುದು ಕಲಿಯಬೇಕು

ಹೋದ ತಿಂಗಳು ಈ ಪುಟದಲ್ಲಿ ಮಾತಿನ ಮಧ್ಯೆ ಒಂದು ಸಾಲು ಬರೆದಿದ್ದೆ: ‘ನಾನು ಕಂಪ್ಯೂಟರ್ ನಡೆಸುವುದು ತಲೆಯಿಂದ.’ ಅಷ್ಟಕ್ಕೇ ಒಂದು ಕಟ್ಟು ಪತ್ರ ಬಂದಿವೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆ ಯಾವುದನ್ನೂ ತೆಗೆದುಕೊಂಡಿಲ್ಲ.

ಹೊಸ ಓದುಗರಿಗಾಗಿ ಎರಡು ಮಾತು. ನಾನು ಶಿವಮೊಗ್ಗದವಳು. ಹತ್ತು ವರ್ಷ ಒಂದು ಪ್ರೆಸ್‌ನಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಜೋಡಿಸುವ ಕೆಲಸ ಮಾಡುತ್ತಿದ್ದೆ. 2011ರಲ್ಲಿ ಸ್ಕೂಟರಿನಿಂದ ಬಿದ್ದು ಕುತ್ತಿಗೆಯ ಮೂಳೆ ಮುರಿಯಿತು, ಬೆನ್ನುಹುರಿಗೆ ಪೆಟ್ಟಾಯಿತು. ಭುಜ ಎತ್ತುತ್ತೇನೆ, ಮೊಣಕೈ ಮಡಚುತ್ತೇನೆ. ಬೆರಳು ಆಡುವುದಿಲ್ಲ. ಈ ಪುಟವನ್ನೂ ಒಂದಿಷ್ಟು ಬಾಯಲ್ಲಿ ಹೇಳಿ, ಉಳಿದದ್ದನ್ನು ತಲೆ ಆಡಿಸಿ ತಿದ್ದಿ ಕಳಿಸಿದ್ದೇನೆ. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿದ್ದರಿಂದ ಎಲ್ಲರದೂ ಊರು ಮಾತ್ರ ಹಾಕಿದೆ.

ಪ್ರಶ್ನೆ: ಅಕ್ಕ, ನಮ್ಮನೆಯವರು ಎರಡು ವರ್ಷದ ಹಿಂದೆ ಕೊನೆಕೊಯ್ಲಿನ ಸಮಯದಲ್ಲಿ ಅಡಿಕೆ ಮರದಿಂದ ಬಿದ್ದರು. ಕೈಕಾಲಿಗೆ ಸ್ವಾಧೀನ ಇಲ್ಲ. ತಲೆ ಮಾತ್ರ ಚೆನ್ನಾಗಿ ತಿರುಗಿಸುತ್ತಾರೆ. ತಲೆಗೆ ಕಟ್ಟುವ ಯಂತ್ರ ಬರುತ್ತದೆ, ತುಂಬಾ ದುಡ್ಡು ಎಂದು ಯಾರೋ ಹೇಳಿದರು. ಮನೆಯಲ್ಲಿ ಮಗಳ ಹಳೇ ಲ್ಯಾಪ್‌ಟಾಪ್ ಇದೆ. ಯಂತ್ರ ಕೊಳ್ಳಲೇಬೇಕಾ? ಇವರಿಗಂತೂ ಈಗ ಯಾವುದರ ಮೇಲೂ ಮನಸ್ಸಿಲ್ಲ.
— ಶಿರಸಿ

ಉತ್ತರ: ಈಗಲೇ ಏನೂ ಕೊಳ್ಳಬೇಡಿ ತಂಗಿ. ಲ್ಯಾಪ್‌ಟಾಪ್ ಪರದೆಯ ಮೇಲಂಚಿನಲ್ಲಿ ಪುಟ್ಟ ಕ್ಯಾಮೆರಾ ಇದೆ ಅಲ್ವಾ, ಶುರು ಮಾಡಲು ಅಷ್ಟು ಸಾಕು. ಅದಕ್ಕೂ ಮೊದಲು ಒಂದು ಕೆಲಸ. ಕುತ್ತಿಗೆಯ ಮೂಳೆ ಸರಿಯಾಗಿ ಕೂಡಿದೆಯಾ, ದಿನಾ ಸ್ವಲ್ಪ ಹೊತ್ತು ತಲೆ ಆಡಿಸಬಹುದಾ ಎಂದು ಡಾಕ್ಟರನ್ನು ಕೇಳಿ. ಅವರು ಹೂಂ ಎಂದ ಮೇಲೆ ಮುಂದಿನದು.

ಕ್ಯಾಮೆರಾ ನಮ್ಮ ಮುಖದ ಚಿತ್ರವನ್ನು ಸೆಕೆಂಡಿಗೆ ಸುಮಾರು 30 ಸಲ ಹಿಡಿಯುತ್ತದೆ. ಹಿಂದಿನ ಚಿತ್ರಕ್ಕಿಂತ ಈ ಚಿತ್ರದಲ್ಲಿ ಮುಖ ಎಷ್ಟು ಸರಿದಿದೆ ಎಂದು ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಆ ಲೆಕ್ಕಕ್ಕೆ ತಕ್ಕಂತೆ ಪರದೆಯ ಬಾಣ, ಅಂದರೆ ಮೌಸ್ ಆಡಿಸಿದರೆ ಓಡುವ ಗುರುತು, ಸರಿಯುತ್ತದೆ. ಅಷ್ಟೇ. ಇದಕ್ಕೆ ದುಡ್ಡು ಕೊಡದೆ ಸಿಗುವ ಎರಡು ಸಾಫ್ಟ್‌ವೇರ್ ನನಗೆ ಚೆನ್ನಾಗಿ ಗೊತ್ತು. ಒಂದು ‘ಕ್ಯಾಮೆರಾ ಮೌಸ್’. ಅಮೆರಿಕದ ಬಾಸ್ಟನ್ ಕಾಲೇಜಿನ ಜೇಮ್ಸ್ ಗಿಪ್ಸ್ ಮತ್ತು ಬಾಸ್ಟನ್ ವಿಶ್ವವಿದ್ಯಾಲಯದ ಮಾರ್ಗ್ರಿಟ್ ಬೆಟ್ಕೆ ಇದನ್ನು ಮಾಡಿದವರು. 2007ರಿಂದ ಎಲ್ಲರಿಗೂ ಉಚಿತವಾಗಿ ಕೊಟ್ಟರು. ಇನ್ನೊಂದು ಸ್ಪೇನಿನ ಸೀಸರ್ ಮೌರಿ ಮಾಡಿದ ‘ಇವಿಯಾಕ್ಯಾಮ್’. ಅದು ವಿಂಡೋಸ್‌ನಲ್ಲೂ ನಡೆಯುತ್ತದೆ, ಲಿನಕ್ಸ್‌ನಲ್ಲೂ ನಡೆಯುತ್ತದೆ. ನಾನು ದಿನಾ ಬಳಸುವುದು ಇವಿಯಾಕ್ಯಾಮ್.

ಎರಡಕ್ಕೂ ಒಂದು ವ್ಯತ್ಯಾಸ ಇದೆ. ಇವಿಯಾಕ್ಯಾಮ್ ತಾನೇ ಮುಖ ಹುಡುಕಿಕೊಳ್ಳುತ್ತದೆ. ಕ್ಯಾಮೆರಾ ಮೌಸ್‌ಗೆ ಮುಖದ ಮೇಲೆ ಒಂದು ಗುರುತನ್ನು ನಾವೇ ತೋರಿಸಬೇಕು, ಮೂಗಿನ ತುದಿಯೋ ಹುಬ್ಬಿನ ಕೊನೆಯೋ. ಅದನ್ನೇ ಹಿಡಿದುಕೊಂಡು ಹೋಗುತ್ತದೆ. ತಟ್ಟನೆ ತಲೆ ತಿರುಗಿಸಿದರೆ ಗುರುತು ಜಾರಿಬಿಡುತ್ತದೆ. ಮೊದಮೊದಲು ನನಗೆ ಮೂಗಿನ ತುದಿ ನಿಲ್ಲುತ್ತಲೇ ಇರಲಿಲ್ಲ. ಒಂದು ದಿನ ಅಮ್ಮ ಸ್ನಾನ ಮಾಡಿಸಿ, ತಲೆ ಬಾಚಿ, ಎಂದಿನಂತೆ ಹುಬ್ಬಿನ ಮಧ್ಯೆ ಕಪ್ಪು ಬೊಟ್ಟು ಇಟ್ಟರು. ಅಣ್ಣ ಆ ಬೊಟ್ಟನ್ನೇ ಗುರುತು ಮಾಡಿದ. ಆಮೇಲೆ ಜಾರುವುದು ಎಷ್ಟೋ ಕಡಿಮೆಯಾಯಿತು. ಚರ್ಮದ ಬಣ್ಣಕ್ಕೂ ಗುರುತಿಗೂ ಎದ್ದು ಕಾಣುವ ವ್ಯತ್ಯಾಸ ಇದ್ದರೆ ಕ್ಯಾಮೆರಾಗೆ ಸುಲಭ. ನಿಮ್ಮನೆಯವರಿಗೂ ಗಂಧದ ಬೊಟ್ಟಿಗಿಂತ ಕಪ್ಪು ಸಾದಿನ ಬೊಟ್ಟು ಇಟ್ಟು ನೋಡಿ.

ನಿಮಗೆ ಯಾರೋ ಹೇಳಿದ ದುಬಾರಿ ಯಂತ್ರಗಳಲ್ಲೂ ಒಂದು ಬಗೆ ಬೊಟ್ಟಿನದೇ. ಹಣೆಗೋ ಕನ್ನಡಕಕ್ಕೋ ಬೆಳಕು ಹೊಳೆಸುವ ಸಣ್ಣ ಚುಕ್ಕಿ ಅಂಟಿಸುತ್ತಾರೆ. ಪರದೆಯ ಮೇಲಿಟ್ಟ ಪೆಟ್ಟಿಗೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು ಆ ಚುಕ್ಕಿಯನ್ನು ಹಿಂಬಾಲಿಸುತ್ತದೆ. ಮಂದ ಬೆಳಕಲ್ಲೂ ನಿಖರವಾಗಿ ನಡೆಯುತ್ತದೆ, ಅದು ನಿಜ. ಆದರೆ ಆರು ತಿಂಗಳು ಉಚಿತದ್ದನ್ನು ಬಳಸಿ, ಅದು ಸಾಲದು ಎಂದು ಅವರಿಗೇ ಅನಿಸಿದರೆ ಆಗ ಯೋಚಿಸಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬಾಣ ಓಡಿಸುವುದು ಮೊದಲ ಹತ್ತು ನಿಮಿಷದಲ್ಲೇ ಬರುತ್ತದೆ. ಕಷ್ಟ ಇರುವುದು ನಿಲ್ಲಿಸುವುದರಲ್ಲಿ. ಬೆರಳಿಲ್ಲದೆ ಕ್ಲಿಕ್ ಮಾಡುವುದು ಹೇಗೆ ಅಂದರೆ, ಬಾಣವನ್ನು ಒಂದು ಜಾಗದಲ್ಲಿ ಸ್ವಲ್ಪ ಹೊತ್ತು ಅಲುಗದೆ ಇಟ್ಟರೆ ಕಂಪ್ಯೂಟರ್ ಅದನ್ನೇ ಕ್ಲಿಕ್ ಎಂದು ತಿಳಿಯುತ್ತದೆ. ಎಷ್ಟು ಹೊತ್ತು ಎಂಬುದನ್ನು ನಾವೇ ಹೇಳಿಕೊಡಬಹುದು. ಹೊಸಬರಿಗೆ ಒಂದೂವರೆ ಸೆಕೆಂಡಿನಿಂದ ಎರಡು ಸೆಕೆಂಡು ಇಡಿ. ನಾನೀಗ ಮುಕ್ಕಾಲು ಸೆಕೆಂಡಿಗೆ ಬಂದಿದ್ದೇನೆ. ಕಡಿಮೆ ಇಟ್ಟರೆ ಸುಮ್ನೆ ಓದುತ್ತಾ ಕೂತಾಗಲೂ ಏನೇನೋ ಒತ್ತಿಕೊಂಡು ತೆರೆದುಕೊಳ್ಳುತ್ತದೆ, ಮನುಷ್ಯ ಗಾಬರಿಯಾಗುತ್ತಾನೆ. ಇವಿಯಾಕ್ಯಾಮ್‌ನಲ್ಲಿ ಪರದೆಯ ಅಂಚಿಗೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಬಲ ಕ್ಲಿಕ್, ಜೋಡಿ ಕ್ಲಿಕ್, ಎಳೆಯುವುದು ಎಲ್ಲ ಇದೆ. ‘ಕ್ಲಿಕ್ ಬೇಡ’ ಎಂಬ ಗುಂಡಿಯೂ ಇದೆ. ಮೊದಲ ದಿನ ಅದನ್ನು ಕಲಿಸಿ. ಬೇಡ ಅನಿಸಿದಾಗ ನಿಲ್ಲಿಸುವುದು ತನ್ನ ಕೈಯಲ್ಲಿದೆ ಎಂದು ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ಇನ್ನೊಂದು ತೊಂದರೆ ಬಂದೇ ಬರುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಮುಖ ನೇರ ಇದ್ದರೂ ಬಾಣ ಎಲ್ಲೋ ಎಡಗಡೆ ಇರುತ್ತದೆ. ಹೆದರಬೇಡಿ. ಬಾಣವನ್ನು ಎಡ ಅಂಚಿಗೆ ಮುಟ್ಟಿಸಿ, ಅದು ಗೋಡೆಗೆ ತಾಗಿದಂತೆ ನಿಂತ ಮೇಲೂ ತಲೆಯನ್ನು ಇನ್ನೂ ಸ್ವಲ್ಪ ಎಡಕ್ಕೆ ತಿರುಗಿಸಿ. ಬಾಣ ಅಲ್ಲೇ ಇರುತ್ತದೆ, ತಲೆ ಮಾತ್ರ ಮುಂದೆ ಹೋಗುತ್ತದೆ. ಆಮೇಲೆ ಮುಖ ನೇರ ಮಾಡಿದರೆ ಬಾಣ ನಡುವಿಗೆ ಬಂದು ಕೂರುತ್ತದೆ. ಕೈಯಲ್ಲಿ ಮೌಸ್ ಹಿಡಿದವರು ಎತ್ತಿ ಇಟ್ಟುಕೊಳ್ಳುತ್ತಾರಲ್ಲ, ಹಾಗೇ ಇದು. ಈ ಉಪಾಯ ಗೊತ್ತಿಲ್ಲದೆ ನಾನು ಮೂರು ವಾರ ಸೊಟ್ಟ ಕುತ್ತಿಗೆಯಲ್ಲೇ ಕೆಲಸ ಮಾಡಿದ್ದೆ.

ಬೆಳಕಿನ ವಿಷಯ. ಕಿಟಕಿ ಅವರ ಬೆನ್ನ ಹಿಂದೆ ಇರಬಾರದು, ಮುಖ ಕಪ್ಪಾಗಿಬಿಡುತ್ತದೆ. ಕಿಟಕಿ ಮುಂದೆಯೋ ಪಕ್ಕದಲ್ಲೋ ಇರಲಿ. ನಿಮ್ಮ ಕಡೆ ಮಳೆಗಾಲದಲ್ಲಿ ಮಧ್ಯಾಹ್ನವೇ ಮನೆ ಮಂಕಾಗುತ್ತದೆ. ಬೆಳಕು ಕಡಿಮೆಯಾದಾಗ ಕ್ಯಾಮೆರಾ ಸೆಕೆಂಡಿಗೆ ಹಿಡಿಯುವ ಚಿತ್ರಗಳೂ ಕಡಿಮೆಯಾಗುತ್ತವೆ, ಬಾಣ ಎಳೆದೆಳೆದು ನಡೆಯುತ್ತದೆ. ಒಂದು ಎಲ್‌ಇಡಿ ಬಲ್ಬನ್ನು ಪರದೆಯ ಹಿಂದಿನಿಂದ ಮುಖಕ್ಕೆ ಬೀಳುವ ಹಾಗೆ ಇಡಿ. ಟ್ಯೂಬ್‌ಲೈಟಿನಲ್ಲಿ ಚಿತ್ರದ ಮೇಲೆ ಗೆರೆಗೆರೆ ಓಡುತ್ತಿದ್ದರೆ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ 60 ಹರ್ಟ್ಸ್ ಇರುವುದನ್ನು 50 ಮಾಡಿ, ನಮ್ಮ ದೇಶದ ಕರೆಂಟ್ 50ರದ್ದು. ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ, ಎರಡು ಅಡಿ ದೂರದಲ್ಲಿರಲಿ. ಅರ್ಧ ಗಂಟೆಗೊಮ್ಮೆ ಅವರನ್ನು ಸ್ವಲ್ಪ ಸರಿಸಿ ಕೂರಿಸಿ. ಪರದೆಯ ಗುಂಗಿನಲ್ಲಿ ಇದು ಮರೆತೇ ಹೋಗುತ್ತದೆ. ಒಂದು ಬೆಡ್‌ಸೋರ್ (ಒಂದೇ ಕಡೆ ಒತ್ತಿ ಆಗುವ ಹುಣ್ಣು) ಆದರೆ ತಿಂಗಳುಗಟ್ಟಲೆ ಮಲಗಿಸಿಬಿಡುತ್ತದೆ.

ಮನಸ್ಸಿಲ್ಲ ಎಂದು ಬರೆದಿದ್ದೀರಿ. ಅದನ್ನು ಓದಿ ನನ್ನ 2012 ನೆನಪಾಯಿತು. ಅಣ್ಣ ಲ್ಯಾಪ್‌ಟಾಪ್ ತಂದು ಮೊದಲು ಇಂಟರ್ನೆಟ್ ತೋರಿಸಿದ, ಹಾಡು ಹಾಕಿದ, ಆಟ ಹಾಕಿದ. ನನಗೆ ಯಾವುದೂ ಬೇಡವಾಗಿತ್ತು. ಎರಡು ದಿನ ಬಿಟ್ಟು ಅವನು ನಮ್ಮ ಹಳೇ ಪ್ರೆಸ್‌ಗೆ ಹೋಗಿ ಒಂದು ಲಗ್ನಪತ್ರಿಕೆಯ ಪೇಜ್‌ಮೇಕರ್ ಫೈಲನ್ನು ಪೆನ್‌ಡ್ರೈವ್‌ನಲ್ಲಿ ತಂದ. ತೆರೆದರೆ ಕೆಳಗಡೆ ‘ಆರ್ಶೀವಾದವೇ ಉಡುಗೊರೆ’ ಎಂದಿತ್ತು. ಡಿಟಿಪಿಯವರಿಗೆ ಈ ತಪ್ಪು ಗೊತ್ತು, ಅರ್ಕಾವತ್ತು ‘ವಾ’ ಪಕ್ಕ ಕೂರಬೇಕು, ಎಲ್ಲರೂ ತಂದು ‘ಶೀ’ ಪಕ್ಕ ಕೂರಿಸುತ್ತಾರೆ. ನನ್ನ ಕಾಲದಲ್ಲಿ ನೂರಾರು ಸಲ ತಿದ್ದಿದ್ದೆ, ಒಂದೊಂದಕ್ಕೂ ಎರಡು ಸೆಕೆಂಡು. ಅವತ್ತು ಆ ಒಂದು ಚಿಹ್ನೆಯನ್ನು ಹಿಡಿಯಬೇಕು, ಕತ್ತರಿಸಬೇಕು, ಒಂದು ಅಕ್ಷರ ಮುಂದೆ ಹೋಗಿ ಅಂಟಿಸಬೇಕು. ಬಾಣ ‘ಶೀ’ ಹತ್ತಿರ ಬಂದು ದಾಟಿ ಹೋಗುವುದು, ಮತ್ತೆ ವಾಪಸ್ ತರುವುದು. ನಲವತ್ತು ನಿಮಿಷ ಹಿಡಿಯಿತು. ಬೆವರು ಕಣ್ಣಿಗೆ ಇಳಿದು ಅಮ್ಮ ಸೆರಗಿನಲ್ಲಿ ಒರೆಸಿದರು, ಒರೆಸುವ ಕೈ ಅಡ್ಡ ಬಂದು ಬಾಣ ಮತ್ತೆ ಹಾರಿತು. ಕೊನೆಗೆ ಅದು ‘ಆಶೀರ್ವಾದ’ ಆಯಿತು. ಆ ಪತ್ರಿಕೆ ಅಚ್ಚಾಗಿ ಊರಿಗೆಲ್ಲ ಹೋಯಿತು.

ನಿಮ್ಮನೆಯವರಿಗೆ ಕಂಪ್ಯೂಟರ್ ತೋರಿಸಬೇಡಿ ತಂಗಿ, ಅವರದೇ ಕೆಲಸ ತೋರಿಸಿ. ಅಡಿಕೆ ಧಾರಣೆ ಅವರೇ ತೆಗೆದು ನೋಡಲಿ. ತೋಟದ ಲೆಕ್ಕ ಈಗ ಯಾರು ಬರೆಯುತ್ತಿದ್ದಾರೆ? ಕೊನೆಗಾರರಿಗೆ ಕೊಟ್ಟದ್ದು, ಬೇರು ಹುಳಕ್ಕೆ ಔಷಧಿ ಹಾಕಿದ್ದು, ಸೊಸೈಟಿಯ ಬಾಕಿ. ಅದನ್ನು ಅವರ ಮುಂದೆ ತೆರೆದಿಡಿ, ಅದರಲ್ಲಿ ಒಂದು ಅಂಕಿ ತಪ್ಪಿದ್ದರೆ ಇನ್ನೂ ಒಳ್ಳೆಯದು. ಬೆಂಗಳೂರಿಗೆ ಹೋಗುವ ಅವಕಾಶ ಇದ್ದರೆ ಎಪಿಡಿ, ಅಂದರೆ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಎಂಬ ಸಂಸ್ಥೆ 1959ರಿಂದ ಅಲ್ಲಿದೆ, ಬೆನ್ನುಹುರಿ ಪೆಟ್ಟಾದವರ ಜೊತೆ ಕೆಲಸ ಮಾಡುತ್ತದೆ. ನಮ್ಮಂಥವರನ್ನು ನಮ್ಮಂಥವರೇ ಕಂಡರೆ ಆಗುವ ಧೈರ್ಯ ಬೇರೆ.

ಪ್ರಶ್ನೆ: ಮೇಡಂ, ನಾವು ನಾಲ್ವರು ಎಂಜಿನಿಯರಿಂಗ್ ಕೊನೆಯ ವರ್ಷದವರು. ಚಲನೆ ಅಳೆಯುವ ಎಂಪಿಯು-6050 ಸೆನ್ಸರ್ ಬಳಸಿ ತಲೆಯಿಂದ ನಡೆಯುವ ಮೌಸ್ ಮಾಡುತ್ತಿದ್ದೇವೆ. ಹೆಲ್ಮೆಟ್‌ನಲ್ಲಿ ಕೂರಿಸಿದ್ದೇವೆ. ಕಣ್ಣು ಮಿಟುಕಿಸಿದರೆ ಕ್ಲಿಕ್. ಬಾಣ ತಾನಾಗಿಯೇ ಸರಿಯುತ್ತಾ ಹೋಗುತ್ತದೆ. ಸಲಹೆ ಕೊಡುತ್ತೀರಾ?
— ತುಮಕೂರು

ಉತ್ತರ: ನೀವು ಬರೆದದ್ದು ಸಂತೋಷ. ಒಂದೊಂದಾಗಿ ಹೇಳುತ್ತೇನೆ.

ಹೆಲ್ಮೆಟ್ ಬೇಡ. ಕುತ್ತಿಗೆಗೆ ಪೆಟ್ಟಾದವರ ತಲೆ ಮೇಲೆ ಭಾರ ಹೇರಬಾರದು, ನಮ್ಮ ಬಿಸಿಲಿಗೆ ಬೆವರೂ ಜಾಸ್ತಿ. ಸೆನ್ಸರ್ ಉಗುರಿನಷ್ಟು ಅಗಲ ಇದೆ. ಕನ್ನಡಕದ ಕಡ್ಡಿಗೋ ಬಟ್ಟೆಯ ಪಟ್ಟಿಗೋ ಸಿಕ್ಕಿಸಿ. ವೈರನ್ನು ಬೆನ್ನ ಹಿಂದೆ ಬಿಡಿ.

ಬಾಣ ತಾನಾಗಿಯೇ ಸರಿಯುವುದು ಯಾಕೆಂದರೆ, ತಲೆ ಅಲುಗದೆ ಇದ್ದಾಗಲೂ ಸೆನ್ಸರಿನ ಒಳಗೆ ತಿರುಗುವ ವೇಗ ಅಳೆಯುವ ಗೈರೋ ಸೊನ್ನೆ ತೋರಿಸುವುದಿಲ್ಲ, ಸಣ್ಣದೊಂದು ಅಂಕಿ ತೋರಿಸುತ್ತಲೇ ಇರುತ್ತದೆ. ನೀವು ಅದನ್ನು ಕೂಡಿಸಿ ಕೂಡಿಸಿ ಕೋನ ತೆಗೆಯುತ್ತಿದ್ದೀರಿ ಅನಿಸುತ್ತದೆ, ತಪ್ಪೂ ಕೂಡುತ್ತಾ ಹೋಗುತ್ತದೆ. ಕೋನ ಯಾಕೆ ಬೇಕು? ಮೌಸ್‌ಗೆ ಬೇಕಿರುವುದು ಎಷ್ಟು ಸರಿಯಬೇಕು ಎಂಬುದು ಮಾತ್ರ. ಗೈರೋ ಕೊಡುವ ವೇಗವನ್ನೇ ನೇರವಾಗಿ ಬಾಣದ ವೇಗ ಮಾಡಿ. ಆನ್ ಮಾಡಿದ ಕೂಡಲೇ ಎರಡು ಸೆಕೆಂಡು ತಲೆ ಅಲುಗಿಸದೆ ಇರಲು ಹೇಳಿ, ಆಗ ಬಂದ ಅಂಕಿಗಳ ಸರಾಸರಿಯನ್ನು ಮುಂದೆ ಕಳೆಯುತ್ತಾ ಹೋಗಿ. ಅದಾದ ಮೇಲೂ ತೀರಾ ಸಣ್ಣ ಅಂಕಿ ಬಂದರೆ ಸೊನ್ನೆ ಎಂದು ಬಿಟ್ಟುಬಿಡಿ. ಅದೇ ಸೆನ್ಸರಿನ ಇನ್ನೊಂದು ಭಾಗವಾದ ಅಕ್ಸಲರೋಮೀಟರನ್ನೇ ನಂಬಿದರೆ ತಲೆ ಬಗ್ಗಿಸಿದ್ದು ಗೊತ್ತಾಗುತ್ತದೆ, ಎಡಬಲಕ್ಕೆ ತಿರುಗಿಸಿದ್ದು ಗೊತ್ತಾಗುವುದಿಲ್ಲ. ಅದು ಭೂಮಿ ಎಳೆಯುವ ದಿಕ್ಕನ್ನು ನೋಡುತ್ತದೆ, ತಲೆ ಪಕ್ಕಕ್ಕೆ ತಿರುಗಿದರೆ ಆ ದಿಕ್ಕು ಬದಲಾಗುವುದಿಲ್ಲವಲ್ಲ. ಸೆನ್ಸರನ್ನು ಕಂಪ್ಯೂಟರಿಗೆ ಜೋಡಿಸುವ ಬೋರ್ಡ್ ಆರ್ಡುಯಿನೋ ಲಿಯೊನಾರ್ಡೋ ಅಥವಾ ಪ್ರೋ ಮೈಕ್ರೋ ತೆಗೆದುಕೊಳ್ಳಿ. ಯುಎಸ್‌ಬಿ ಚುಚ್ಚಿದರೆ ಕಂಪ್ಯೂಟರ್ ಅದನ್ನು ಮೌಸ್ ಎಂದೇ ಗುರುತಿಸುತ್ತದೆ, ಬೇರೆ ಸಾಫ್ಟ್‌ವೇರ್ ಬೇಡ.

ಕಣ್ಣು ಮಿಟುಕಿಸುವುದನ್ನು ಬಿಡಿ. ಮನುಷ್ಯ ನಿಮಿಷಕ್ಕೆ 15-20 ಸಲ ತನ್ನಷ್ಟಕ್ಕೆ ಮಿಟುಕಿಸುತ್ತಾನೆ. ಅದರಲ್ಲಿ ಯಾವುದು ಕ್ಲಿಕ್, ಯಾವುದು ಸುಮ್ಮನೆ? ಬಾಣವನ್ನು ನಿಲ್ಲಿಸಿದರೆ ಕ್ಲಿಕ್ ಆಗುವ ಹಾಗೆ ಮಾಡಿ. ಅಥವಾ ಬಾಯಲ್ಲಿ ಊದುವ ಸಣ್ಣ ಕೊಳವೆ ಕೊಡಿ.

ಕೊನೆಯದು ನನ್ನ ಮನಸ್ಸಿಗೆ ಹತ್ತಿರದ ಮಾತು. ಕೆಲವು ವರ್ಷದ ಹಿಂದೆ ಒಂದು ಕಾಲೇಜಿನ ಮಕ್ಕಳು ಇಂಥದ್ದೇ ಮಾಡಿಕೊಂಡು ಮನೆಗೆ ಬಂದರು. ಚೆನ್ನಾಗಿಯೇ ಇತ್ತು. ನನ್ನ ತಲೆಗೆ ಕಟ್ಟಿ ಹತ್ತು ನಿಮಿಷ ಫೋಟೊ, ವಿಡಿಯೊ ತೆಗೆದರು. ಪರೀಕ್ಷೆ ಮುಗಿದ ಮೇಲೆ ತಂದು ಕೊಡುತ್ತೇವೆ ಅಕ್ಕ ಎಂದರು. ಆಮೇಲೆ ಬರಲಿಲ್ಲ. ನಾನು ಬಹಳ ದಿನ ಗೇಟಿನ ಸದ್ದು ಕೇಳುತ್ತಿದ್ದೆ. ನೀವು ಬಳಸುವವರ ಹತ್ತಿರ ಶುರುವಿನಲ್ಲೇ ಹೋಗಿ, ಅವರ ಮನೆಯಲ್ಲಿ ಒಂದು ವಾರ ಬಿಟ್ಟು ಬನ್ನಿ. ಎಲ್ಲಿ ಕೆಟ್ಟಿತು ಎಂದು ಅವರೇ ಹೇಳುತ್ತಾರೆ. ಮಾರ್ಕ್ಸ್ ಬಂದ ಮೇಲೂ ಅದು ಅವರ ಹತ್ತಿರವೇ ಉಳಿಯಲಿ.

ಪ್ರಶ್ನೆ: ನನ್ನ ಮಗನಿಗೆ 12 ವರ್ಷ. ಸೆರೆಬ್ರಲ್ ಪಾಲ್ಸಿ. ಮಾತಿಲ್ಲ, ಆದರೆ ಎಲ್ಲ ಅರ್ಥವಾಗುತ್ತದೆ. ತಲೆ ಒಂದೇ ಸಮ ನಿಲ್ಲುವುದಿಲ್ಲ. ಅವನಿಗೆ ಇದು ಆಗುತ್ತದಾ?
— ಬಳ್ಳಾರಿ

ಉತ್ತರ: ಸರ್, ಆಗಬಹುದು. ಎಲ್ಲರಿಗೂ ಆಗುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕ್ಯಾಮೆರಾ ಮೌಸ್ ಮಾಡಿದವರೇ 2002ರಲ್ಲಿ ಬರೆದ ಪ್ರಬಂಧದಲ್ಲಿ ಒಂದು ಲೆಕ್ಕ ಇದೆ. ತೀವ್ರ ಸೆರೆಬ್ರಲ್ ಪಾಲ್ಸಿ ಇದ್ದವರು, ಮೆದುಳಿಗೆ ಪೆಟ್ಟಾದವರು ಸೇರಿ 12 ಜನ ಬಳಸಿ ನೋಡಿದರು, 9 ಜನರಿಗೆ ಸಾಧ್ಯವಾಯಿತು. ನಿಮ್ಮ ಮಗ ಆ ಒಂಬತ್ತರ ಕಡೆ ಇರಲಿ ಎಂದು ಪ್ರಯತ್ನಿಸೋಣ.

ಕಂಪ್ಯೂಟರಿಗಿಂತ ಮೊದಲು ಕುರ್ಚಿ. ಅವನ ಪಾದ ನೆಲಕ್ಕೋ ಹಲಗೆಗೋ ಊರಿರಬೇಕು, ಸೊಂಟ ಜಾರಬಾರದು, ತಲೆಯ ಹಿಂದೆ ಒರಗು ಇರಬೇಕು. ಪಾದ ತೂಗಾಡುತ್ತಿದ್ದರೆ ತಲೆ ಇನ್ನೂ ಜಾಸ್ತಿ ಅಲ್ಲಾಡುತ್ತದೆ. ಫಿಸಿಯೋದವರನ್ನು ಕರೆದು ಇದೊಂದನ್ನು ಸರಿ ಮಾಡಿಸಿ. ಆಮೇಲೆ ಸಾಫ್ಟ್‌ವೇರಿನಲ್ಲಿ ವೇಗ ಕಡಿಮೆ ಮಾಡಿ, ನಡುಕವನ್ನು ನಯ ಮಾಡುವ ಸೆಟ್ಟಿಂಗ್ ಹೆಚ್ಚಿಸಿ.

ಮೊದಲ ತಿಂಗಳು ಕ್ಲಿಕ್ಕೇ ಬೇಡ. ಬಾಣ ತಾಗಿದರೆ ಸಾಕು, ಬಣ್ಣ ಚೆಲ್ಲುವುದೋ ಸದ್ದಾಗುವುದೋ ಆಗುವ ಆಟಗಳಿವೆ. ‘ನಾನು ತಲೆ ಆಡಿಸಿದ್ದಕ್ಕೇ ಅದು ಆಯಿತು’ ಎಂದು ಅವನಿಗೆ ಹೊಳೆಯಬೇಕು. ಅದು ಹೊಳೆದ ದಿನ ಅವನ ಮುಖದಲ್ಲೇ ಗೊತ್ತಾಗುತ್ತದೆ ಸರ್. ಆಮೇಲೆ ಪರದೆಯಲ್ಲಿ ಎರಡೇ ದೊಡ್ಡ ಚೌಕ ಇಡಿ. ಎಡ ಅರ್ಧ ‘ಹೂಂ’, ಬಲ ಅರ್ಧ ‘ಬೇಡ’. ಗುರಿ ದೊಡ್ಡದಿದ್ದು ಹತ್ತಿರ ಇದ್ದಷ್ಟೂ ಬೇಗ ತಲುಪುತ್ತೇವೆ ಎಂದು ಪಾಲ್ ಫಿಟ್ಸ್ ಎಂಬುವರು 1954ರಲ್ಲೇ ಅಳೆದು ತೋರಿಸಿದ್ದಾರೆ. ನಿಮ್ಮ ಮಗನಿಗೆ ಆ ಲೆಕ್ಕ ನಮಗಿಂತ ಮುಖ್ಯ. ‘ಬೇಡ’ ಎಂದು ಅವನು ಹೇಳಿದಾಗ ದಯವಿಟ್ಟು ಅದನ್ನು ನಡೆಸಿಕೊಡಿ. ಊಟ ಬೇಡ ಅಂದರೂ ಸರಿ, ನೆಂಟರು ಬೇಡ ಅಂದರೂ ಸರಿ.

ಮೂರು ತಿಂಗಳಾದರೂ ಆಗದಿದ್ದರೆ ಒಂದೇ ಗುಂಡಿಯ ದಾರಿ ಇದೆ. ಪರದೆಯಲ್ಲಿ ಒಂದಾದ ಮೇಲೆ ಒಂದು ಚಿತ್ರ ಬೆಳಗುತ್ತಾ ಹೋಗುತ್ತದೆ, ಬೇಕಾದ್ದು ಬಂದಾಗ ಮೊಣಕೈಯಿಂದಲೋ ಮೊಣಕಾಲಿನಿಂದಲೋ ಒತ್ತಿದರೆ ಆಯಿತು. ಮಾತಿನ ಬದಲಿಗೆ ಏನು ಕೊಡಬಹುದು ಎಂದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಒಮ್ಮೆ ತೋರಿಸಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಎರಡೂ ಕೈಗೆ ಸಂಧಿವಾತ. ಇವಿಯಾಕ್ಯಾಮ್ ಹಾಕಿಕೊಂಡು ಆನ್‌ಸ್ಕ್ರೀನ್ ಕೀಬೋರ್ಡ್‌ನಲ್ಲಿ ಕನ್ನಡ ಒತ್ತುತ್ತೇನೆ. ಒಂದು ಪುಟಕ್ಕೆ ಮೂರು ಗಂಟೆ. ಕುತ್ತಿಗೆಯೂ ನೋಯುತ್ತದೆ. ಇದಕ್ಕೆ ಬೇರೆ ದಾರಿ ಉಂಟೆ?
— ಮೈಸೂರು

ಉತ್ತರ: ಗುರುಗಳೇ, ತಪ್ಪು ನಿಮ್ಮದಲ್ಲ, ಕೀಬೋರ್ಡಿನದು. ವಿಂಡೋಸ್‌ನಲ್ಲಿ ಕನ್ನಡಕ್ಕೆ ಇರುವ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಸ್ವರಗಳು ಎಡಗಡೆ, ವ್ಯಂಜನಗಳು ಹೆಚ್ಚಾಗಿ ಬಲಗಡೆ. ಎರಡು ಕೈಯಲ್ಲಿ ಒತ್ತುವವರಿಗೆ ಇದು ಬಹಳ ಚೆಂದ, ಬಲ ಎಡ ಬಲ ಎಡ ಎಂದು ತಾಳ ಹಾಕಿದ ಹಾಗೆ ಹೋಗುತ್ತದೆ. ನಮಗಿರುವುದು ಒಂದೇ ತಲೆ. ‘ತಾಯಿ’ ಎಂದು ಬರೆಯಿರಿ. ‘ತ’ ಬಲಕ್ಕೆ, ದೀರ್ಘ ಎಡಕ್ಕೆ, ‘ಯ’ ಮತ್ತೆ ಬಲದ ತುದಿಗೆ, ಗುಡಿಸು ಮತ್ತೆ ಎಡಕ್ಕೆ. ಎರಡು ಅಕ್ಷರಕ್ಕೆ ನಾಲ್ಕು ಸಲ ತಲೆ ಅತ್ತಿತ್ತ. ಮಹಾಪ್ರಾಣ ಬಂದರೆ ಶಿಫ್ಟ್ ಮೇಲೂ ನಿಲ್ಲಬೇಕು. ‘ಶ್ರೀ’ ಬರೆಯಲು ಶಿಫ್ಟ್, ಶ, ಅರ್ಧಾಕ್ಷರದ ಕೀಲಿ, ರ, ದೀರ್ಘದ ಗುಡಿಸು, ಒಟ್ಟು ಐದು ಕಡೆ ತಂಗಬೇಕು.

ನಾನು ಮಾಡುವುದು ಇಷ್ಟು. ಆನ್‌ಸ್ಕ್ರೀನ್ ಕೀಬೋರ್ಡಿನ ಮೂಲೆ ಹಿಡಿದು ಅದನ್ನು ಪರದೆಯ ಅರ್ಧಕ್ಕೆ ಕುಗ್ಗಿಸಿ. ಕೀಲಿ ಚಿಕ್ಕದಾಗುತ್ತದೆ, ಆದರೆ ತಲೆ ಹೋಗುವ ದೂರವೂ ಅರ್ಧವಾಗುತ್ತದೆ. ಯಾವ ಅಳತೆಗೆ ತಪ್ಪು ಒತ್ತುವುದು ಶುರುವಾಗುತ್ತದೋ ಅದಕ್ಕಿಂತ ಒಂದು ಬೆರಳು ದೊಡ್ಡದಿಡಿ. ಕೀಬೋರ್ಡಿನ ಆಯ್ಕೆಗಳಲ್ಲಿ ಕೀಲಿಯ ಮೇಲೆ ನಿಂತರೆ ಒತ್ತಿಕೊಳ್ಳುವುದು ಎಂದಿದೆ. ಅದನ್ನು ಹಾಕಿಕೊಂಡರೆ ಇವಿಯಾಕ್ಯಾಮ್ ಕ್ಲಿಕ್ಕನ್ನು ನಿಲ್ಲಿಸಿ, ಎರಡೂ ಇದ್ದರೆ ಅಕ್ಷರ ಜೋಡಿಯಾಗಿ ಬೀಳುತ್ತದೆ.

ಉದ್ದ ಬರಹವನ್ನು ಮಾತ್ರ ಬಾಯಲ್ಲೇ ಹೇಳಿ. ಕ್ರೋಮ್‌ನಲ್ಲಿ ಗೂಗಲ್ ಡಾಕ್ಸ್ ತೆರೆದರೆ ವಾಯ್ಸ್ ಟೈಪಿಂಗ್‌ನಲ್ಲಿ ಕನ್ನಡ ಇದೆ. ಇಂಟರ್ನೆಟ್ ಬೇಕು. ಹೇಳಿದ್ದನ್ನೆಲ್ಲ ಸರಿಯಾಗಿ ಬರೆಯುವುದಿಲ್ಲ, ನಮ್ಮ ಆಡುಮಾತನ್ನು ತನಗೆ ಬೇಕಾದ ಹಾಗೆ ತಿರುಚುತ್ತದೆ. ಆ ತಿದ್ದುಪಡಿಗೆ ತಲೆ ಬಳಸಿ. ಪುಟಕ್ಕೆ ಮೂರು ಗಂಟೆ ಇದ್ದದ್ದು ಅರ್ಧ ಗಂಟೆಗೆ ಇಳಿಯುತ್ತದೆ, ನನಗೆ ಇಳಿದಿದೆ.

ಕುತ್ತಿಗೆ ನೋವಿಗೆ ಬಾಣದ ವೇಗವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ. ಈಗ ನೀವು ಮುಖ ಪೂರ್ತಿ ತಿರುಗಿಸುತ್ತಿರಬಹುದು. ಬೇರೆಯವರು ನೋಡಿದರೆ ತಲೆ ಆಡಿದ್ದೇ ಗೊತ್ತಾಗಬಾರದು, ಅಷ್ಟು ಕಡಿಮೆ ಸಾಕು. ಇಪ್ಪತ್ತು ನಿಮಿಷ ಬರೆದರೆ ಐದು ನಿಮಿಷ ಕಣ್ಣು ಮುಚ್ಚಿ ಒರಗಿ. ನೋವು ತೋಳಿಗೆ ಇಳಿದರೆ, ಜೋಮು ಹಿಡಿದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಲ್ಯಾಪ್‌ಟಾಪ್ ಇಲ್ಲ, ಆಂಡ್ರಾಯ್ಡ್ ಮೊಬೈಲ್ ಮಾತ್ರ ಇದೆ. ಏನಾದರೂ ದಾರಿ?
— ರಾಯಚೂರು

ಉತ್ತರ: ಇದೆ. ಇವಿಯಾಕ್ಯಾಮ್ ಮಾಡಿದವರೇ ಆಂಡ್ರಾಯ್ಡ್‌ಗೆ ‘ಇವಿಎ ಫೇಶಿಯಲ್ ಮೌಸ್’ ಮಾಡಿದ್ದಾರೆ. ಗೂಗಲ್‌ನ ‘ಪ್ರಾಜೆಕ್ಟ್ ಗೇಮ್‌ಫೇಸ್’ ಕೂಡ ಇದೆ. ಲ್ಯಾನ್ಸ್ ಕಾರ್ ಎಂಬ ಅಮೆರಿಕದ ವಿಡಿಯೊ ಗೇಮ್ ಆಟಗಾರರಿಗೆ ಮಸ್ಕ್ಯುಲರ್ ಡಿಸ್ಟ್ರೋಫಿ, ಅಂದರೆ ಸ್ನಾಯು ಸೊರಗುವ ಕಾಯಿಲೆ. ಮನೆಗೆ ಬೆಂಕಿ ಬಿದ್ದು ಅವರ ಆಟದ ಸಲಕರಣೆಯೆಲ್ಲ ಸುಟ್ಟುಹೋಯಿತು. ಗೂಗಲ್ ಕಂಪನಿಯವರು ಅವರ ಜೊತೆ ಸೇರಿ 2023ರಲ್ಲಿ ವಿಂಡೋಸ್‌ಗೆ ಇದನ್ನು ಮಾಡಿದರು. 2024ರಲ್ಲಿ ಆಂಡ್ರಾಯ್ಡ್‌ಗೂ ತಂದಾಗ ನಮ್ಮ ದೇಶದ ಇನ್‌ಕ್ಲುಝಾ ಎಂಬ ಸಂಸ್ಥೆ ಜೊತೆಗಿತ್ತು. ಇದರಲ್ಲಿ ತಲೆ ಆಡಿಸಿದರೆ ಬಾಣ ಹೋಗುತ್ತದೆ, ಹುಬ್ಬು ಎತ್ತಿದರೋ ಬಾಯಿ ತೆರೆದರೋ ಕ್ಲಿಕ್. ಇದು ಸಾಫ್ಟ್‌ವೇರ್ ಬರೆಯುವವರಿಗಾಗಿ ತೆರೆದಿಟ್ಟದ್ದು, ಹಾಕಿಕೊಳ್ಳಲು ತಿಳಿದವರ ಸಹಾಯ ಬೇಕು. ಏನೂ ಹಾಕಿಕೊಳ್ಳದೆ ಆಗಬೇಕೆಂದರೆ ಆಂಡ್ರಾಯ್ಡ್ 12 ಅಥವಾ ಅದರ ನಂತರದ ಫೋನ್‌ನಲ್ಲಿ ಆಕ್ಸೆಸಿಬಿಲಿಟಿ ಒಳಗೆ ‘ಕ್ಯಾಮೆರಾ ಸ್ವಿಚ್’ ಇದೆಯಾ ನೋಡಿ. ಅದರಲ್ಲಿ ಬಾಣ ಬರುವುದಿಲ್ಲ, ನಕ್ಕರೆ, ಹುಬ್ಬು ಎತ್ತಿದರೆ, ಪಕ್ಕಕ್ಕೆ ನೋಡಿದರೆ ಒಂದೊಂದು ಕೆಲಸ. ಯಾವುದಾದರೂ ಸರಿ, ಫೋನ್ ಅಲುಗದ ಸ್ಟ್ಯಾಂಡ್ ಮೇಲಿರಲಿ.

ಪ್ರಶ್ನೆ: ನಾನು ಸರ್ಕಾರಿ ನೌಕರ. ಪೆಟ್ಟಾದ ಮೇಲೆ ಮತ್ತೆ ಕೆಲಸಕ್ಕೆ ಹೋಗಬೇಕು. ಕಚೇರಿ ಕಂಪ್ಯೂಟರಿಗೆ ಹೊರಗಿನ ಸಾಫ್ಟ್‌ವೇರ್ ಹಾಕಲು ಬಿಡುವುದಿಲ್ಲ ಎನ್ನುತ್ತಾರೆ.
— ದಾವಣಗೆರೆ

ಉತ್ತರ: ಬರೆದು ಕೇಳಿ, ಬಾಯಲ್ಲಿ ಕೇಳಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಸರ್ಕಾರಿ ಕಚೇರಿ ತನ್ನ ನೌಕರನಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು. ಸೇವೆಯಲ್ಲಿದ್ದಾಗ ಅಂಗವಿಕಲರಾದವರನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ, ದರ್ಜೆ ಇಳಿಸುವ ಹಾಗಿಲ್ಲ. ಆ ಸೆಕ್ಷನ್ ಹೆಸರು ಹಾಕಿ, ಸಾಫ್ಟ್‌ವೇರ್ ಹೆಸರು ಹಾಕಿ, ಅದು ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ ಎಂದು ಸೇರಿಸಿ ಕೊಡಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಸಾಫ್ಟ್‌ವೇರ್ ಬೇಡವೇ ಬೇಡ ಎಂದರೆ, ಮೇಲೆ ಹೇಳಿದ ಹಾಗೆ ಯುಎಸ್‌ಬಿಗೆ ಚುಚ್ಚುವ ಗೈರೋ ಮೌಸ್ ಕೇಳಿ. ಅದು ಕಂಪ್ಯೂಟರಿಗೆ ಬರೀ ಒಂದು ಮೌಸ್ ಅಷ್ಟೇ.

ಪ್ರಶ್ನೆ: ನನ್ನ ತಮ್ಮನಿಗೆ ಮೋಟಾರ್ ನ್ಯೂರಾನ್ ಕಾಯಿಲೆ. ಕೈ ಹೋಗಿದೆ, ಈಗ ತಲೆಯಿಂದ ನಡೆಸುತ್ತಾನೆ. ಇದೇ ಕಾಯಿಲೆ ಇದ್ದ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಕೂಡ ಹೀಗೇ ಮಾಡುತ್ತಿದ್ದರಂತೆ ಅಲ್ಲವೇ?
— ಹುಬ್ಬಳ್ಳಿ

ಉತ್ತರ: ಹಾಕಿಂಗ್ ಅವರು ಮೊದಲು ಕೈಯಲ್ಲಿ ಒಂದು ಗುಂಡಿ ಒತ್ತುತ್ತಿದ್ದರು. ಕೈ ಸೋತ ಮೇಲೆ ಕನ್ನಡಕಕ್ಕೆ ಕೂರಿಸಿದ ಇನ್‌ಫ್ರಾರೆಡ್ ಸೆನ್ಸರ್ ಅವರ ಕೆನ್ನೆಯ ಒಂದು ಸ್ನಾಯು ಬಿಗಿಯಾಗುವುದನ್ನು ನೋಡುತ್ತಿತ್ತು. ಅವರು ಬಳಸಿದ ಸಾಫ್ಟ್‌ವೇರ್ ವ್ಯವಸ್ಥೆಯನ್ನು ಇಂಟೆಲ್ 2015ರಲ್ಲಿ ‘ಅಕ್ಯಾಟ್’ ಎಂಬ ಹೆಸರಲ್ಲಿ ಎಲ್ಲರಿಗೂ ಬಿಟ್ಟಿದೆ.

ಅಣ್ಣನಾಗಿ ನೀವು ಮಾಡಬೇಕಾದ್ದು ಒಂದಿದೆ, ಕಷ್ಟವಾದರೂ ಹೇಳುತ್ತೇನೆ. ಈ ಕಾಯಿಲೆಯಲ್ಲಿ ಕುತ್ತಿಗೆಯೂ ಸೋಲುತ್ತದೆ. ಕಣ್ಣಿನ ಚಲನೆ ಸಾಮಾನ್ಯವಾಗಿ ಕೊನೆಯವರೆಗೂ ಉಳಿಯುತ್ತದೆ. ತಲೆ ಚೆನ್ನಾಗಿ ಆಡುವಾಗಲೇ ಕಣ್ಣಿಂದ ನಡೆಸುವುದನ್ನು ದಿನಾ ಸ್ವಲ್ಪ ಅಭ್ಯಾಸ ಮಾಡಿಸಿ. ಮತ್ತೆ, ನಿಮ್ಮ ತಮ್ಮನವರ ದನಿ ಇನ್ನೂ ಸ್ಪಷ್ಟ ಇದ್ದರೆ ಇವತ್ತೇ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಡಿ. ‘ನೀರು ಕೊಡು’, ‘ಫ್ಯಾನ್ ಕಡಿಮೆ ಮಾಡು’, ಮನೆಯವರನ್ನೆಲ್ಲ ಹೆಸರು ಹಿಡಿದು ಕರೆಯುವುದು, ಯಾರಿಗಾದರೂ ಬೈಯುವುದಿದ್ದರೆ ಅದೂ. ಮುಂದೆ ಒಂದು ಚಿತ್ರದ ಮೇಲೆ ನೋಟ ನಿಲ್ಲಿಸಿದರೆ ಅವರದೇ ದನಿ ಬರಲಿ.

ಪ್ರಶ್ನೆ: ಇಡೀ ದಿನ ಕ್ಯಾಮೆರಾ ಆನ್ ಇದ್ದರೆ ಯಾರಾದರೂ ನೋಡುವುದಿಲ್ಲವೇ? ನನ್ನ ಬಟ್ಟೆ ಬದಲಿಸುವುದೂ ಇದೇ ಕೋಣೆಯಲ್ಲಿ.
— ಉಡುಪಿ

ಉತ್ತರ: ಕ್ಯಾಮೆರಾ ಮೌಸ್, ಇವಿಯಾಕ್ಯಾಮ್ ಎರಡೂ ಚಿತ್ರವನ್ನು ನಿಮ್ಮ ಕಂಪ್ಯೂಟರಿನ ಒಳಗೇ ನೋಡಿ ಬಿಟ್ಟುಬಿಡುತ್ತವೆ. ಆದರೂ ನಿಮ್ಮ ಸಂಕೋಚ ಸರಿಯಾದದ್ದೇ. ಬಟ್ಟೆ ಬದಲಿಸುವಾಗ, ಕ್ಯಾಥೆಟರ್ ನೋಡುವಾಗ ಅಮ್ಮ ನನ್ನ ಕ್ಯಾಮೆರಾದ ಮೇಲೆ ಒಂದು ಸ್ಟಿಕ್ಕರ್ ಬೊಟ್ಟು ಅಂಟಿಸುತ್ತಾರೆ. ಕೆಲಸ ಮುಗಿದ ಮೇಲೆ ಅದನ್ನು ತೆಗೆದು ಪರದೆಯ ಪಕ್ಕ ಅಂಟಿಸಿಡುತ್ತಾರೆ. ನೋಡಿಕೊಳ್ಳುವವರಿಗೆ ಇದನ್ನು ಮೊದಲ ದಿನವೇ ಹೇಳಿ, ಕೇಳಲು ನಾಚಬೇಡಿ.

ಪ್ರಶ್ನೆ: ಆಂಟಿ, ನಾನು ಎಂಟನೇ ಕ್ಲಾಸ್. ನನ್ನ ಕೈಗೆ ಶಕ್ತಿ ಇಲ್ಲ. ತಲೆಯಿಂದ ರಂಗೋಲಿ ಬಿಡಬಹುದಾ? ನಾನು ಟ್ರೈ ಮಾಡಿದೆ, ಗೆರೆ ಎಲ್ಲ ಸೊಟ್ಟ.
— ಹಾಸನ

ಉತ್ತರ: ಬಿಡಬಹುದು ಪುಟ್ಟಿ. ನೀನು ಪೆನ್ಸಿಲ್ ತೆಗೆದುಕೊಂಡಿರಬೇಕು, ಅದಕ್ಕೇ ಸೊಟ್ಟ. ಪೇಂಟ್‌ನಲ್ಲಿ ಗೆರೆ ಎಳೆಯುವ ಬೇರೆ ಗುಂಡಿ ಇದೆ, ಅದನ್ನು ತಗೋ. ಮೊದಲು ಯಾರ ಹತ್ತಿರವಾದರೂ ಮೂರು ಚುಕ್ಕಿ ಮೂರು ಸಾಲು ಇಡಿಸು, ಚುಕ್ಕಿ ದಪ್ಪ ಇರಲಿ. ಆಮೇಲೆ ಪಟ್ಟಿಯಲ್ಲಿ ‘ಎಳೆಯುವುದು’ ಆರಿಸಿಕೋ. ಒಂದು ಚುಕ್ಕಿಯ ಮೇಲೆ ನಿಲ್ಲು, ಗೆರೆ ಹಿಡಿದುಕೊಳ್ಳುತ್ತದೆ. ಮಧ್ಯದಲ್ಲಿ ತಲೆ ಎಷ್ಟು ಅಲ್ಲಾಡಿದರೂ ಚಿಂತೆ ಇಲ್ಲ. ಇನ್ನೊಂದು ಚುಕ್ಕಿಗೆ ಹೋಗಿ ನಿಲ್ಲು, ಬಿಟ್ಟುಬಿಡುತ್ತದೆ. ನಡುವೆ ಗೆರೆ ನೇರ. ಬಳ್ಳಿ ರಂಗೋಲಿಗೆ ಬಾಗಿದ ಗೆರೆಯ ಗುಂಡಿ ಬೇಕು, ಅದು ಸ್ವಲ್ಪ ಕಷ್ಟ, ನನಗೂ ಏಳು ಚುಕ್ಕಿಯ ಮೇಲೆ ಇನ್ನೂ ಬಂದಿಲ್ಲ. ನಿನಗೆ ಬಂದರೆ ಹೇಗೆ ಮಾಡಿದೆ ಎಂದು ಬರೆದು ಕಳಿಸು.